ಗಾಡಿದಾರಿಯವರ ಐದು ಹಾಡುಗಳು

ಮೂರನೆಯ ಹಾಡು ಮುಗಿಯುವಷ್ಟರಲ್ಲೇ ಗಿಟಾರು ನುಡಿಸುತ್ತಿದ್ದ ಯಜ್ಞೇಶನಿಗೆ ತಿಳಿದುಹೋಯಿತು, ಮರುಳಸಿದ್ದಪ್ಪನ ಗಂಟಲು ಐದನೆಯದರ ತನಕ ಬರುವುದಿಲ್ಲ. ಕೊಪ್ಪದ ಪುರಭವನದಲ್ಲಿ ಕಿಕ್ಕಿರಿದಿದ್ದ ಜನರಿಗೆ ಇದರ ಸುಳಿವೂ ಇರಲಿಲ್ಲ. ಅವರು ಬೆಂಚು ಬಡಿಯುತ್ತಿದ್ದರು, ಸಿಳ್ಳೆ ಹಾಕುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಸಿದ್ದಪ್ಪನ ಹೆಂಡತಿ ಗೋದಾವರಿಗೆ ಮಾತ್ರ ಅನುಮಾನ ಬಂದಂತಿತ್ತು. ಆಕೆ ಚಪ್ಪಾಳೆ ತಟ್ಟದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

ಅದು ಎರಡು ಸಾವಿರದ ಏಳರ ಫೆಬ್ರವರಿ, ಭಾನುವಾರ ಮಧ್ಯಾಹ್ನ. ಗಾಡಿದಾರಿ ಬಳಗದ ಒಂದೇ ಒಂದು ಕ್ಯಾಸೆಟ್ಟಿಗೆ ಇಪ್ಪತ್ತೈದು ತುಂಬಿತ್ತು. ಅದರಲ್ಲಿದ್ದದ್ದು ಐದೇ ಹಾಡು. ಆ ಐದನ್ನು ಅದೇ ಸಾಲಿನಲ್ಲಿ, ಕ್ಯಾಸೆಟ್ಟಿನಲ್ಲಿ ಇದ್ದ ಹಾಗೆಯೇ, ಮತ್ತೊಮ್ಮೆ ಹಾಡಿಸಿ ಸಿ.ಡಿ. ಮಾಡಬೇಕೆಂದು ಹಟ ಹಿಡಿದವಳು ಶ್ರೀರಕ್ಷಾ ಎಂಬ ಕಾಲೇಜು ಲೆಕ್ಚರರ್. ಹಿಡಿದ ಕೆಲಸ ಬಿಡುವ ಹೆಣ್ಣಲ್ಲ. ಬಳಗದ ಚರಿತ್ರೆಯನ್ನೆಲ್ಲ ಕೆದಕಿ ಪುಸ್ತಕವನ್ನೂ ಬರೆದಿದ್ದಳು, ಈಗ ಹಾಡುಹಾಡಿನ ನಡುವೆ ಮೈಕು ಹಿಡಿದು ಅದರ ಪುಟಗಳನ್ನೇ ಹೇಳುತ್ತಿದ್ದಳು.

"ಎಪ್ಪತ್ತಾರನೇ ಇಸವಿಯಲ್ಲಿ ಗಿಟಾರು ಹಿಡಿದು ಗಾಡಿ ಹೊಡೆಯುವವರ ಪದ ಹಾಡಿದಾಗ ನಮ್ಮ ಹಿರಿಯರು ಎಂತ ಹೇಳಿದ್ರು ಗೊತ್ತುಂಟಾ? ಇದು ಸಂಗೀತ ಅಲ್ಲ, ಮಂಗ ಓಡಿಸೋ ಗಲಾಟೆ ಅಂದ್ರು!"

ಜನ ನಕ್ಕರು. ಹೇಳಿದ್ದು ಸುಳ್ಳೇನಲ್ಲ. ಕಿಗ್ಗದ ಯಜ್ಞೇಶ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರ ಬಳಿ ಗಿಟಾರು ಕಲಿತಿದ್ದ. ಅವರ ಹತ್ತಿರ ಅಮೆರಿಕದ ದನ ಕಾಯುವವರ ಹಾಡಿನ ಗ್ರಾಮಫೋನ್ ತಟ್ಟೆಗಳಿದ್ದವು. ಅದನ್ನು ಕೇಳಿ ಕೇಳಿ ಯಜ್ಞೇಶನಿಗೆ, ಅಲ್ಲಿಯ ದನಗಾಹಿಗೆ ಗಿಟಾರು ಸಲ್ಲುವುದಾದರೆ ಇಲ್ಲಿಯವನೇನು ಪಾಪ ಮಾಡಿದ್ದ ಎನ್ನಿಸಿತು. ಮುತ್ತಿನಕೊಪ್ಪದ ಸಿದ್ದಪ್ಪನಿಗೆ ಪಾಠವಿಲ್ಲ, ಗುರುವಿಲ್ಲ. ಗದ್ದೆಯ ಬದುವಿನ ಮೇಲೆ ನಿಂತು ಕೂಗಿದರೆ ಗುಡ್ಡದಾಚೆಯವರು ಎಮ್ಮೆ ಬಿಟ್ಟು ಕೇಳುವಂಥ ದನಿ ಮಾತ್ರ ಇತ್ತು. ಡ್ರಮ್ಮಿಗೆ ಹರಿಹರ ಸಿಕ್ಕಿದ. ಮೂವರೂ ಸೇರಿ ಆರು ವರ್ಷ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಒಂದು ಗಣಪತಿ ಪೆಂಡಾಲನ್ನೂ ಬಿಡಲಿಲ್ಲ.

ಆಮೇಲೆ ಕ್ಯಾಸೆಟ್ಟು ಬಂತು. ಅದರ ಬಗ್ಗೆ ಶ್ರೀರಕ್ಷಾಳ ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ ಯಜ್ಞೇಶನಿಗೆ ಗೊತ್ತಿತ್ತು. ಅವನೊಬ್ಬನಿಗೇ ಗೊತ್ತಿತ್ತು.

ಅವತ್ತು ಕಡಹಿನಬೈಲಿನ ಶಾಲೆಯ ಕೋಣೆಯಲ್ಲಿ ರೆಕಾರ್ಡಿಂಗು. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗಿತ್ತು. ರೇಡಿಯೋ, ಟೇಪ್‌ರೆಕಾರ್ಡರು ಎರಡೂ ಆದ ಟೂ-ಇನ್-ಒನ್ನಿಗೆ ಆರು ಸೆಲ್ಲು ಹಾಕಿದ್ದರು. ಆದರೆ ಹರಿಹರ ಬೆಳಿಗ್ಗೆಯಿಂದ ಅದರಲ್ಲೇ ಕ್ರಿಕೆಟ್ ಕಾಮೆಂಟ್ರಿ ಕೇಳಿ ಸೆಲ್ಲಿನ ಜೀವ ಹಿಂಡಿದ್ದ. ಹೊಸದು ತರಲು ಎನ್.ಆರ್.ಪುರಕ್ಕೆ ಹೋಗಬೇಕು, ಬಸ್ಸು ಇರುವುದು ಸಂಜೆಗೆ. ಮಲೆನಾಡಿನವರಿಗೆ ಇದಕ್ಕೊಂದು ಮದ್ದು ಗೊತ್ತು. ಸೆಲ್ಲು ತೆಗೆದು ಪಕ್ಕದ ಮನೆಯ ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯ ನಡುವೆ ಇಟ್ಟರು. ಒಂದು ಗಂಟೆ ಬಿಸಿಲು ಕುಡಿದ ಸೆಲ್ಲು ಮತ್ತೆ ಉಸಿರಾಡಿತು. ಮೆಶಿನ್ನು ತಿರುಗಿತು, ಐದೂ ಹಾಡು ಮುಗಿಸಿದರು. ಕೂಡಲೇ ಹಾಕಿ ಕೇಳಿದಾಗ ಎಲ್ಲ ಸರಿಯಾಗಿಯೇ ಇತ್ತು. ಅದೇ ಸೋತ ಸೆಲ್ಲಿನಲ್ಲಿ ಕೇಳಿದರೆ ಇರದೇ ಏನು?

ಬಿಸಿಲಿನ ಶಕ್ತಿ ಎಷ್ಟು ಹೊತ್ತಿನದು! ಹಾಡು ಮುಂದೆ ಹೋದ ಹಾಗೆ ಮೆಶಿನ್ನು ನಿಧಾನವಾಗುತ್ತ ಹೋಗಿತ್ತು. ನಿಧಾನವಾಗಿ ತಿರುಗುವಾಗ ತುಂಬಿಸಿದ ಹಾಡನ್ನು ಪೂರ್ತಿ ಕರೆಂಟಿನಲ್ಲಿ ಹಾಕಿದರೆ ಓಡುತ್ತದೆ, ಶ್ರುತಿಯೂ ಏರುತ್ತದೆ. ಶಿವಮೊಗ್ಗದ ಅಂಗಡಿಯಲ್ಲಿ ಕಾಪಿಯಾಗಿ ಬಂದ ಕ್ಯಾಸೆಟ್ಟಿನಲ್ಲಿ ಮೊದಲ ಹಾಡು 'ಏಳೂವರೆ ಬಸ್ಸು' ಹೆಚ್ಚುಕಡಿಮೆ ಸರಿಯಾಗಿತ್ತು. ಕೊನೆಯ 'ಗುಡ್ಡದಾಚೆಗೆ ಕೂ' ಬರುವಷ್ಟರಲ್ಲಿ ಸಿದ್ದಪ್ಪನ ದನಿ ಮುಗಿಲು ಮುಟ್ಟಿತ್ತು, ಯಜ್ಞೇಶನ ಗಿಟಾರು ಕುದುರೆಯಾಗಿತ್ತು. ಮೂರು ತಾಲ್ಲೂಕಿನ ಬಸ್ಸುಗಳಲ್ಲೆಲ್ಲ ಅದೇ ಹಾಡು. ಎಂಥ ದನಿ ಮಾರಾಯ, ಎಂಥ ಬೆರಳು ಮಾರಾಯ!

ಒಂದೇ ವಾರದಲ್ಲಿ ಯಜ್ಞೇಶ ಕಂಡುಹಿಡಿದ. ಕ್ಯಾಸೆಟ್ಟು ಹಾಕಿ ಕೊನೆಯ ಹಾಡಿನ ಜೊತೆಗೆ ನುಡಿಸಹೋದರೆ ಗಿಟಾರು ಕೂಡಲಿಲ್ಲ. ತಂತಿ ಬಿಗಿಯುವ ಕ್ಲಿಪ್ಪನ್ನು ಗಿಟಾರಿನ ಕುತ್ತಿಗೆಯ ಎರಡನೆಯ ಪಟ್ಟಿಗೆ ಹಾಕಿದ ಕೂಡಲೇ ಕೂಡಿತು. ಅಂದರೆ ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಕರಿ ಒಂದರ ಶ್ರುತಿಗೆ ಹಾಡಿದ್ದು ಕರಿ ಎರಡಕ್ಕೆ ಏರಿತ್ತು. ಆಗ ಅವನಿಗೆ ಇಪ್ಪತ್ತಾರು ವರ್ಷ. ಪತ್ರಿಕೆಯೊಂದು ಅದೇ ವಾರ ಅವನನ್ನು ಮಿಂಚಿನ ಬೆರಳು ಎಂದು ಬರೆದಿತ್ತು. ಬಾಯಿ ಬಿಟ್ಟರೆ ಮಿಂಚು ಸೋತ ಸೆಲ್ಲಿನದು, ಬೆರಳಿನದಲ್ಲ ಎಂದಾಗುತ್ತಿತ್ತು. ಅವನು ಹಗಲಿರುಳು ಸಾಧನೆ ಮಾಡಿ ಆ ವೇಗ ಕಲಿತ. ಕ್ಲಿಪ್ಪು ಯಾಕೆ ಎಂದು ಸಿದ್ದಪ್ಪ ಕೇಳಿದ್ದಕ್ಕೆ, ನಾದ ಚೆನ್ನಾಗಿ ಬರ್ತದೆ ಎಂದ. ಗಿಟಾರು ಯಾವ ಶ್ರುತಿ ಕೊಟ್ಟಿತೋ ಅದಕ್ಕೇ ಹಾಡುವ ಸಿದ್ದಪ್ಪ ಅದನ್ನು ನಂಬಿದ.

ಬೆರಳಿಗೆ ಸಾಧನೆ ಮಾಡಿಸಬಹುದು, ಮನುಷ್ಯನಿಗೆ ಹೊಸ ಗಂಟಲು ಕೊಡಲಾಗುತ್ತದೆಯೆ? ಸ್ಟೇಜಿನಲ್ಲಿ ಕ್ಯಾಸೆಟ್ಟಿನ ಎತ್ತರಕ್ಕೆ ಎಳೆದೂ ಎಳೆದೂ ಸಿದ್ದಪ್ಪ ಎರಡೇ ವರ್ಷದಲ್ಲಿ ತನ್ನ ದನಿ ಹಾಳಾಯಿತೆಂದು ತೀರ್ಮಾನಿಸಿದ. ಮೊಸರು ಬಿಟ್ಟ, ಹುಳಿ ಬಿಟ್ಟ, ಎಲೆಯಡಿಕೆಯ ಕವಳ ಬಿಟ್ಟ. ತೊಂಬತ್ತೊಂದರಲ್ಲಿ ಎನ್.ಆರ್.ಪುರದ ಮೈದಾನದಲ್ಲಿ ಕೊನೆಯ ಹಾಡಿನ 'ಕೂ' ಎತ್ತುವಾಗ ದನಿ ಒಡೆದು ಸೀಳಿತು. ಜನ ಕೂಗಿ ಗೇಲಿ ಮಾಡಿದರು. ಅವತ್ತು ಸ್ಟೇಜಿನಿಂದ ಇಳಿದವನು ಮತ್ತೆ ಹತ್ತಿರಲಿಲ್ಲ.

ಈಗ ಹತ್ತಿದ್ದಾನೆ. ಹದಿನಾರು ವರ್ಷದ ಮೇಲೆ, ಐವತ್ತೆರಡರ ಪ್ರಾಯದಲ್ಲಿ. ಡಾಕ್ಟರು ಗಂಟಲಿನಲ್ಲಿ ಗಂಟಿದೆ, ಎಳೆದರೆ ಮಾತೂ ಹೋದೀತು ಎಂದಿದ್ದರಂತೆ. ಹೋದರೆ ಹೋಗಲಿ, ಎನ್.ಆರ್.ಪುರದ ಅವಮಾನ ತೊಳೆದುಕೊಂಡೇ ಸಾಯ್ತೀನಿ ಅಂತ ಅವನು ಗೋದಾವರಿಗೆ ಹೇಳಿದ್ದ.

ನಾಲ್ಕನೆಯ ಹಾಡು 'ಬೇಣದ ಬೆಂಕಿ', ಹುಲ್ಲುಗುಡ್ಡ ಹೊತ್ತಿ ಉರಿದ ಕತೆ. ಎರಡನೆಯ ಚರಣದಲ್ಲಿ ಸಿದ್ದಪ್ಪನ ದನಿ ಒಂದು ಕ್ಷಣ ಮಾಯವಾಯಿತು. ಹರಿಹರ ಡ್ರಮ್ಮಿನ ಪೆಟ್ಟು ಜೋರು ಮಾಡಿ ಮುಚ್ಚಿಹಾಕಿದ. ಜನಕ್ಕೆ ತಿಳಿಯಲಿಲ್ಲ, ರೆಕಾರ್ಡು ಮಾಡುತ್ತಿದ್ದವನು ಮಾತ್ರ ತಲೆಯೆತ್ತಿ ನೋಡಿದ. 

ಹಾಡು ಮುಗಿದ ಮೇಲೆ ಹತ್ತು ನಿಮಿಷ ಬಿಡುವು. ಪರದೆಯ ಹಿಂದೆ ಸಿದ್ದಪ್ಪ ಫ್ಲಾಸ್ಕಿನಿಂದ ಕಾಳುಮೆಣಸಿನ ಕಷಾಯ ಬಗ್ಗಿಸಿಕೊಂಡ. 

"ಸಿದ್ದ, ಐದನೇದು ಬಿಟ್ಬಿಡುವ ಮಾರಾಯ" ಎಂದ ಯಜ್ಞೇಶ. "ನಾಲ್ಕೇ ಸಾಕು. ನಾನು ಹೇಳ್ತೀನಿ ಅವ್ರಿಗೆ."

"ಎಂತ ಹೇಳ್ತೀಯ? ಸಿದ್ದಪ್ಪನ ಕೈಲಿ ಆಗ್ಲಿಲ್ಲ ಅಂತಾನಾ?" ಸಿದ್ದಪ್ಪನ ಮಾತೇ ಗೊಗ್ಗರಾಗಿತ್ತು. "ಅದೊಂದು ಹಾಡಿಗೇ ನಾನು ಬಂದಿದ್ದು. ಇಪ್ಪತ್ತೇಳನೇ ವರ್ಷದಲ್ಲಿ ಹಾಡಿದ್ದು ನಾನೇ ಅಲ್ದಾ? ಬೇರೆ ಯಾರೂ ಅಲ್ಲವಲ್ಲ? ಹಂಗಾದ್ರೆ ಅದು ಒಳಗೆ ಎಲ್ಲೋ ಇರಬೇಕು ಮಾರಾಯ."

ಯಜ್ಞೇಶ ಬಾಯಿ ತೆರೆದ. ಆಗ ಹೇಳಬೇಕಿತ್ತು. ಮಾತು ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಪರದೆಯಾಚೆ ಶ್ರೀರಕ್ಷಾಳ ಮೈಕು ಮಾತಾಡಿತು: "ಶೃಂಗೇರಿಯಲ್ಲಿ ನೂರಾರು ಮಕ್ಕಳಿಗೆ ಗಿಟಾರು ಕಲಿಸಿದ ನಮ್ಮ ಮಿಂಚಿನ ಬೆರಳು ಯಜ್ಞೇಶ್ ಸರ್ ಅವರಿಗೆ ಕೊನೆಯ ಹಾಡಾದ ಮೇಲೆ ಸನ್ಮಾನ ಇದೆ." ಸಭೆಯಲ್ಲಿದ್ದ ಅವನ ಶಿಷ್ಯರೆಲ್ಲ ಎದ್ದು ಕೂಗಿದರು. ಅವನು ಬಾಯಿ ಮುಚ್ಚಿಕೊಂಡ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗಾಯಿತು.

ಮತ್ತೆ ಸ್ಟೇಜು. ಸಿದ್ದಪ್ಪ ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತ. ಕುತ್ತಿಗೆಯ ನರ ಆಗಲೇ ಉಬ್ಬಿತ್ತು. ಗೋದಾವರಿ ಸೀಟಿನ ತುದಿಗೆ ಸರಿದು ಕೈಮುಗಿದುಕೊಂಡಿದ್ದಳು. ಯಜ್ಞೇಶ ಅವಳನ್ನು ನೋಡಿದ, ಶಿಷ್ಯರನ್ನು ನೋಡಿದ. ಒಂದು ಕಡೆ ಇಪ್ಪತ್ತೈದು ವರ್ಷದ ಹೆಸರು, ಇನ್ನೊಂದು ಕಡೆ ಒಬ್ಬ ಮನುಷ್ಯನ ಗಂಟಲು. ತೂಗಿ ನೋಡುವಂಥದ್ದು ಏನಿದೆ ಇದರಲ್ಲಿ? ಆದರೂ ಅವನು ತೂಗಿದ, ಅದೇ ನಾಚಿಕೆಗೇಡು.

ಕೊನೆಗೆ ಅವನ ಕೈ ಕ್ಲಿಪ್ಪನ್ನು ಬಿಚ್ಚಿ ಜೇಬಿಗೆ ಹಾಕಿತು. ಯಾರಿಗೂ ಹೇಳಲಿಲ್ಲ. ಸದ್ದಿಲ್ಲದೆ ಒಳ್ಳೆಯವನಾಗಿಬಿಡಬಹುದೆಂದು ಅವನ ಲೆಕ್ಕ. ಹರಿಹರನ ಕಡೆ ತಿರುಗಿ, ನಿಧಾನ ಹೊಡಿ ಎಂದು ಸನ್ನೆ ಮಾಡಿದ. ಹರಿಹರ ಹುಬ್ಬು ಗಂಟಿಕ್ಕಿದ, ಆದರೂ ಹೊಡೆದ.

ಗಿಟಾರು ಶುರುವಾಯಿತು. ಹಿಂದಿನ ಸಾಲಿನಿಂದ ಒಬ್ಬ, "ಎಂತ ಸಾರ್, ಸ್ಪೀಡೇ ಇಲ್ಲ!" ಎಂದು ಕೂಗಿದ. ಇನ್ನೊಬ್ಬ, "ಪ್ರಾಯ ಆಯ್ತು ಮಾರಾಯ, ಬಿಡು" ಎಂದ. ಮುಂದಿದ್ದ ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜ್ಞೇಶನ ಕಿವಿ ಕಾದುಹೋಯಿತು. ಅವನು ತಲೆ ತಗ್ಗಿಸಿ ಅದೇ ಗತಿಯಲ್ಲಿ ನುಡಿಸಿದ.

ಸಿದ್ದಪ್ಪ ಬಾಯಿ ತೆರೆದ. ಮೊದಲ ಸಾಲು ಬಂತು. ಎರಡನೆಯದೂ ಬಂತು. ಭಾರದ ಹೊರೆ ಎತ್ತಲು ಸೊಂಟ ಕಟ್ಟಿ ಬಗ್ಗಿದವನಿಗೆ ಹೊರೆ ಹಗುರಾಗಿ ಸಿಕ್ಕಿದರೆ ಹೇಗೋ ಹಾಗೆ ಅವನು ಒಮ್ಮೆ ತಡವರಿಸಿದ. ಕುತ್ತಿಗೆಯ ನರ ಇಳಿಯಿತು, ಭುಜ ಇಳಿಯಿತು. ಗುಡ್ಡದ ಈಚೆ ದಾರಿ ತಪ್ಪಿದವನು ಆಚೆಯವರನ್ನು ಕರೆಯುವ ಹಾಡು ಅದು. ಇಷ್ಟು ವರ್ಷ ಓಡುವ ಹಾಡಾಗಿದ್ದದ್ದು ಈಗ ಒಬ್ಬಂಟಿಯ ಹಾಡಾಗಿ ಕೇಳಿಸಿತು. ಸಭೆಯ ಗುಜುಗುಜು ಒಂದೊಂದೇ ಸಾಲಾಗಿ ಅಡಗಿತು.

'ಕೂ' ಬಂತು.  ಸಿದ್ದಪ್ಪನ ದನಿ ಏರಿತು, ಏರಿ ನಿಂತಿತು, ನಿಂತೇ ಇತ್ತು. ಸೀಳಲಿಲ್ಲ, ಅಲುಗಲಿಲ್ಲ. ದಪ್ಪನೆಯ, ತುಂಬಿದ, ಗಂಡು ದನಿ. ಅದು ನಿಂತ ಮೇಲೂ ಸಭೆಯಲ್ಲಿ ಯಾರೂ ಅಲ್ಲಾಡಲಿಲ್ಲ. ಆಮೇಲೆ ಎದ್ದ ಚಪ್ಪಾಳೆಗೆ ಮೈಕು ಕಿರುಚಿಕೊಂಡಿತು. ಗೋದಾವರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಜನ "ಒನ್ಸ್ ಮೋರ್" ಎಂದು ಕೂಗತೊಡಗಿದರು. ಯಜ್ಞೇಶನಿಗೂ ಅಳು ಬಂತು. ಗೆದ್ದೆವು ಎನ್ನಿಸಿತು.

ಸಿದ್ದಪ್ಪ ಮಾತ್ರ ನಗಲಿಲ್ಲ. ಮೈಕಿನಿಂದ ಹಿಂದೆ ಸರಿದು ಯಜ್ಞೇಶನ ಹತ್ತಿರ ಬಂದ. ಗಿಟಾರಿನ ಬರಿಗುತ್ತಿಗೆಯನ್ನು ನೋಡಿದ.

"ಕ್ಲಿಪ್ಪೆಲ್ಲಿ?"

"ತೆಗೆದೆ."

"ಎಂತಕ್ಕೆ?"

"ಅವತ್ತು ಕಡಹಿನಬೈಲಲ್ಲಿ ನೀನು ಹಾಡಿದ್ದು ಇದೇ ಶ್ರುತಿಗೆ ಸಿದ್ದ. ಕ್ಯಾಸೆಟ್ಟಲ್ಲಿ ಏರಿದ್ದು. ಸೆಲ್ಲು ಸೋತಿತ್ತು."

 ಚಪ್ಪಾಳೆ ನಡೆದೇ ಇತ್ತು.

"ನಿಂಗೆ ಯಾವಾಗ ಗೊತ್ತಾಯ್ತು?"

ಹೋದ ವಾರ ಎನ್ನಬಹುದಿತ್ತು. ಪ್ರಾಕ್ಟೀಸು ಮಾಡುವಾಗ ಹೊಳೆಯಿತು ಎಂದರೆ ಮುಗಿದುಹೋಗುತ್ತಿತ್ತು. ಆ ಸುಳ್ಳು ಸಿದ್ಧವಾಗಿಯೇ ಇತ್ತು. ಎದುರಿಗಿದ್ದ ಕಣ್ಣನ್ನು ನೋಡಿ ಯಜ್ಞೇಶನಿಗೆ ಅದು ಬಾಯಿಗೆ ಬರಲಿಲ್ಲ.

"ಕ್ಯಾಸೆಟ್ಟು ಬಂದ ವಾರವೇ."

"ಎನ್ನಾರ್‌ಪುರದಲ್ಲಿ ದನಿ ಒಡೆದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಸಿದ್ದಪ್ಪ ಬೈಯಲಿಲ್ಲ. ಬೈದಿದ್ದರೆ, ಕಪಾಳಕ್ಕೆ ಎರಡು ಬಿಟ್ಟಿದ್ದರೆ, ಯಜ್ಞೇಶನಿಗೆ ಹಗುರವಾಗುತ್ತಿತ್ತು.

"ಅದರ ಮರುವರ್ಷ ನನ್ನ ಮಗಳು ಹುಟ್ಟಿದ್ಲು" ಎಂದ ಸಿದ್ದಪ್ಪ, ಮೆಲ್ಲಗೆ. "ತೊಟ್ಲಲ್ಲಿ ಅತ್ರೆ ಗೋದಾವರಿ, ಒಂದು ಜೋಗುಳ ಹೇಳ್ರೀ ಅನ್ನೋಳು. ನಾನು ಹೊರಗೆದ್ದು ಹೋಗ್ತಿದ್ದೆ. ಒಡಕು ದನಿ ಮಗೂಗೆ ಎಂತಕ್ಕೆ ಅಂತ."

ಅಷ್ಟು ಹೇಳಿ ಅವನು ಮೈಕಿಗೆ ಹಿಂತಿರುಗಿದ. ಶಾಲು, ಹಾರ, ತಟ್ಟೆ ಹಿಡಿದು ಸ್ಟೇಜಿನ ಮೆಟ್ಟಿಲ ಬಳಿ ಬಂದಿದ್ದ ಶ್ರೀರಕ್ಷಾಳನ್ನು ಕೈಸನ್ನೆಯಿಂದ ತಡೆದ. ಸಭೆ ಸುಮ್ಮನಾಯಿತು.

"ಇನ್ನೊಂದ್ಸಲ ಹಾಡ್ತೀನಿ" ಎಂದ. "ಹರಿಹರ, ಇದೇ ಲಯಕ್ಕೆ ಹೊಡಿ ಮಾರಾಯ. ಗಿಟಾರು ಬೇಡ."

ಜನ ಇದೂ ಒಂದು ಸೊಗಸೆಂದು ಚಪ್ಪಾಳೆ ತಟ್ಟಿದರು. ಹರಿಹರ ಇಬ್ಬರ ಮುಖವನ್ನೂ ನೋಡಿ, ಏನೂ ತಿಳಿಯದೆ, ಕೋಲು ಎತ್ತಿಕೊಂಡ. ಸಿದ್ದಪ್ಪ ಈ ಸಲ ಕಣ್ಣು ಮುಚ್ಚಲಿಲ್ಲ. ಗೋದಾವರಿಯನ್ನು ನೋಡುತ್ತ ಮೊದಲ ಸಾಲು ಎತ್ತಿದ. ಶ್ರುತಿ ಕೊಡುವವರು ಯಾರೂ ಇರಲಿಲ್ಲ, ಆದರೂ ದನಿ ನೇರವಾಗಿ ಹೋಗಿ ಕರಿ ಒಂದರ ಮೇಲೆ ಕೂತಿತು.

ಯಜ್ಞೇಶನ ಎಡಗೈ ಬೆರಳುಗಳು ಅಭ್ಯಾಸಬಲದಿಂದ ತಂತಿಯ ಮೇಲೆ ಚಲಿಸಿದವು. ಅವನು ಅವುಗಳನ್ನು ಬಲಗೈಯಲ್ಲಿ ಹಿಡಿದು ನಿಲ್ಲಿಸಿದ. ಇಳಿದು ಹೋಗೋಣವೆಂದರೆ ಮೆಟ್ಟಿಲಿನ ಬಳಿ ಶ್ರೀರಕ್ಷಾ ಅವನಿಗೇ ತಂದ ಹಾರ ಹಿಡಿದು ನಿಂತಿದ್ದಳು. ಅವನು ಇದ್ದಲ್ಲೇ ನಿಂತು ಹಾಡು ಪೂರ್ತಿ ಕೇಳಿದ.