ಕುಂಬಳಕಾಯಿಗೆ ಎಣ್ಣೆ ನೀರು

ಎಂಟೂವರೆ ತಿಂಗಳ ಬಸುರಿಗೆ ಯಾರೂ ಬುದ್ಧಿ ಹೇಳಬಾರದು ಎಂದು ಸರಕಾರ ಒಂದು ಕಾಯಿದೆ ತರಬೇಕು. ಎಡಕ್ಕೆ ಮಲಗು, ಹುಳಿ ತಿನ್ನಬೇಡ, ಕಾಲು ಇಳಿಬಿಟ್ಟು ಕೂಡಬೇಡ. ನನ್ನ ಪಾದಗಳು ಊದಿ, ಗಂಡ ಸುನೀಲನ ರಬ್ಬರ್ ಚಪ್ಪಲಿ ಹಾಕಿಕೊಂಡು ತಿರುಗುತ್ತಿದ್ದೆ. ನೀರು ಕುಡಿದರೂ ಎದೆ ಉರಿ. ಒಳಗಿನ ಕೂಸು ನಾನು ಕಣ್ಣು ಮುಚ್ಚುವುದನ್ನೇ ಕಾದು ಪಕ್ಕೆಲುಬಿಗೆ ಒದೆಯುತ್ತಿತ್ತು. ಇದನ್ನೆಲ್ಲ ಸಹಿಸಿಕೊಂಡೇನು. ಸಹಿಸಲಾಗದ್ದು ಒಂದೇ: ಚೊಚ್ಚಲ ಹೆರಿಗೆಗೆ ನನ್ನನ್ನು ತವರಿಗೆ ಕಳಿಸುವುದಿಲ್ಲ ಎಂದು ಅತ್ತೆ ಹೊಳೆವ್ವ ಹೇಳಿಬಿಟ್ಟಿದ್ದರು.

"ಬಾಣಂತಿಗೆ ಎರಿಯಾಕ ಓಣ್ಯಾಗಿನ ಯಾರರ ಬಂದಾರು. ಕೂಸಿನ್ನ ಯಾರು ನೋಡ್ತಾರ? ಹೆಂಗಸಿಲ್ಲದ ಮನಿ ಅದು" ಎಂಬುದು ಅವರ ಮಾತು. ತಪ್ಪು ಮಾತಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ನಾನು ಹನ್ನೆರಡು ದಿನದ ಕೂಸಿದ್ದಾಗ ಅವ್ವ ತೀರಿಕೊಂಡಳು. ಆಡೂರಿನ ಮನೆಯಲ್ಲಿ ಇರುವುದು ಅಪ್ಪ ಮೈಲಾರಲಿಂಗಪ್ಪ ಮತ್ತು ಅವನ ಹನ್ನೊಂದು ಕುರಿ. ನನಗೆ ಎಣ್ಣೆ ನೀರು ಎರೆದು ಬೆಳೆಸಿದವಳು ಪಕ್ಕದ ಮನೆಯ ಫಕ್ಕೀರವ್ವ. ಈಗ ಆಕೆಯ ಮೊಣಕಾಲು ಮಡಚುವುದಿಲ್ಲ. ಆದರೂ ನನಗೆ ಆ ಮನೆಯೇ ಬೇಕಿತ್ತು. ಅತ್ತೆ ಒಳ್ಳೆಯವರೇ, ಆದರೆ ಅತ್ತೆಯ ಮುಂದೆ ಮನಸ್ಸು ಬಂದಾಗ ಅಳಲಿಕ್ಕೆ, ಕೂಗಾಡಲಿಕ್ಕೆ ಆಗುತ್ತದೆಯೇ?

ಅಪ್ಪ ಫೋನಿನಲ್ಲಿ ಜಗಳ ಆಡಲಿಲ್ಲ. "ಬೀಗತಿಗೆ ಒಮ್ಮೆ ಬಂದು ಮನಿ ನೋಡ್ರಿ ಅಂತ ಹೇಳವಾ. ಆಮ್ಯಾಲ ಅವರು ಹೆಂಗ ಅಂತಾರ ಹಂಗ" ಎಂದ.

ಒಂದು ಸೋಮವಾರ ಸುನೀಲನ ಗೆಳೆಯನ ಕಾರಿನಲ್ಲಿ ಶಿಗ್ಗಾಂವದಿಂದ ಹೊರಟೆವು. ಹನ್ನೊಂದಕ್ಕೆ ಬರುತ್ತೇವೆ ಎಂದು ಅಪ್ಪನಿಗೆ ತಿಳಿಸಿದ್ದೆ. ಅತ್ತೆ ಆರಕ್ಕೇ ಎಬ್ಬಿಸಿ ಕಾರು ಹತ್ತಿಸಿದರು. "ಹೇಳಿದ ಟೈಮಿಗೆ ಹೋದ್ರ ಎಲ್ಲಾರ ಮನಿನೂ ಛಂದ ಇರ್ತೈತಿ" ಎಂದರು. ಹಾನಗಲ್ಲ ದಾಟುವಷ್ಟರಲ್ಲಿ ನನ್ನ ಸಲುವಾಗಿ ಮೂರು ಕಡೆ ಕಾರು ನಿಲ್ಲಿಸಬೇಕಾಯಿತು. ಆದರೂ ಎಂಟೂವರೆಗೆ ಆಡೂರು ಮುಟ್ಟಿದೆವು.

ಕದ ತೆರೆದೇ ಇತ್ತು, ಪಡಸಾಲೆಯಲ್ಲಿ ಯಾರೂ ಇಲ್ಲ. ಒಳಕೋಣೆಗೆ ಅಪ್ಪ ಹೊಸದಾಗಿ ಸುಣ್ಣ ಬಳಿದಿದ್ದ. ಮಂಚದ ಮೇಲೆ ತೊಲೆಯಿಂದ ಒಂದು ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದ. ಇದೇಕೆ ಎಂದು ಮಲಗಿ, ಹಗ್ಗ ಹಿಡಿದು ಎಳೆದೆ. ಒಂದು ತಿಂಗಳಿನಲ್ಲಿ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಎದ್ದು ಕೂತೆ. ಖುಷಿಯಾಗಿ ಮತ್ತೊಮ್ಮೆ ಮಲಗಿ ಎದ್ದೆ. ಅತ್ತೆ ಗೋಡೆಯ ಮಾಡದಲ್ಲಿದ್ದ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮೂಸಿದರು, ಎಲ್ಲ ಬಾಣಂತಿಯ ಸಾಮಾನು: ಉಂಡೆಗೆ ಹಾಕುವ ಅಂಟು, ಒಣಕೊಬ್ಬರಿ, ಅಜವಾನ. ಹಳೆಯ ಮೆತ್ತನೆ ಸೀರೆ ಹರಿದು ಮಡಚಿಟ್ಟ ಲಂಗೋಟಿಗಳನ್ನು ಎಣಿಸಿದರು. ಮುಖದಲ್ಲಿ ಏನೂ ತೋರಿಸಲಿಲ್ಲ.

ಆಗ ಬಚ್ಚಲಿನಿಂದ ನೀರು ಸುರಿಯುವ ಸದ್ದು ಬಂತು. ಹೋಗಿ ನೋಡಿದೆವು.

ಅಪ್ಪ ಧೋತರ ಮೇಲಕ್ಕೆತ್ತಿ ಕಟ್ಟಿ, ಕಾಲು ಚಾಚಿ ನೆಲಕ್ಕೆ ಕೂತಿದ್ದ. ಅವನ ಕಾಲುಗಳ ಮೇಲೆ ಒಂದು ಉದ್ದನೆಯ ಕುಂಬಳಕಾಯಿ, ಎಣ್ಣೆ ಹಚ್ಚಿ ಮಿರಿಮಿರಿ ಹೊಳೆಯುತ್ತಿತ್ತು. ಅದರ ತೊಟ್ಟಿನ ಕೆಳಗೆ ಅಂಗೈ ಕೊಟ್ಟು, ಇನ್ನೊಂದು ಕೈಯಿಂದ ತಂಬಿಗೆಯಲ್ಲಿ ಸಣ್ಣಗೆ ನೀರು ಬಿಡುತ್ತಿದ್ದ. "ಆತವಾ, ಮುಗೀತು. ಇದೊಂದ ತಂಬಗಿ" ಎಂದು ಅದಕ್ಕೆ ಸಮಾಧಾನ ಹೇಳುತ್ತಿದ್ದ.

ನನ್ನ ಹಿಂದೆ ಸುನೀಲ ಕಿಸಕ್ಕೆಂದ. ಅಪ್ಪ ತಲೆ ಎತ್ತಿದ, ಕುಂಬಳಕಾಯಿ ಜಾರಿತು. ತಂಬಿಗೆ ಬಿಸಾಕಿ ಅದನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡ.

"ಏನು ನಡಿಸೀರಿ ಬೀಗ್ರ?" ಎಂದರು ಅತ್ತೆ.

"ಕೈ ಮರತಾವೇನೋ ಅಂತ ನೋಡಾಕತ್ತಿದ್ನಿರಿ."

"ಮರಿಯಾಕ ಮೊದಲ ಬರಬೇಕಲ್ರಿ?"

ಅಪ್ಪ ತಲೆ ತಗ್ಗಿಸಿದ. ಕಾರಿನ ಸದ್ದು ಕೇಳಿ ಕೋಲೂರಿಕೊಂಡು ಬಂದ ಫಕ್ಕೀರವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಉತ್ತರ ಕೊಟ್ಟವಳು ಆಕೆ.

"ಬರತೈತಿ, ಹೊಳೆವ್ವಾ. ತಾಯಿ ಸತ್ತ ಮ್ಯಾಲ ಈ ಮಂಜುಳಾಗ ನಾ ಎರದಿದ್ದು ಮೂರ ದಿನ. ನಾಕನೇ ದಿನ, ನಿನ್ನ ಕೈ ಬಿರುಸು ಅಂತ ಇಂವ ಕೂಸಿನ್ನ ನನ್ನ ಕಾಲ ಮ್ಯಾಲಿಂದ ಎತಗೊಂಡ. ಗಂಡಸು ಕೂಸಿಗೆ ಎರೀತಾನ ಅಂತ ಮಂದಿ ನಗ್ತಾರಂತ ಕದಾ ಹಾಕ್ಕೊಂಡು ಎರದ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದ. ಹೆಸರ ಅಷ್ಟ ನಂದು."

ಪ್ರತಿ ಪಂಚಮಿಗೆ ಫಕ್ಕೀರವ್ವನ ಕೈಯಲ್ಲಿ ಕುಬಸದ ಬಟ್ಟೆ ಇಟ್ಟು, ಈ ಕೈಯಿಂದಲೇ ಬದುಕಿದೆ ಎಂದು ನಮಸ್ಕಾರ ಮಾಡಿದ್ದೇನೆ. ಅಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು.

"ನನಗರ ಹೇಳಬಾರದಾ ಅಪ್ಪಾ?"

"ಹೇಳೋದೇನೈತಿ ಅದರಾಗ. ನೀ ಅಳಬ್ಯಾಡ, ಮೊದಲ ಎದಿ ಉರಿ ನಿನಗ."

ನಾನು ಅತ್ತೆ, ಜೋರಾಗಿಯೇ ಅತ್ತೆ, ಅತ್ತೆಯವರ ಮುಂದೆಯೇ. ಅವರು ನನ್ನನ್ನು ನೋಡಲಿಲ್ಲ. ಬಗ್ಗಿ ಅಪ್ಪನ ಕೈಯಿಂದ ಕುಂಬಳಕಾಯಿ ತೆಗೆದುಕೊಂಡು, ಸೆರಗಿನಿಂದ ಅದರ ನೀರು ಒರೆಸಿದರು. ಆಮೇಲೆ ಮಗನ ಕಡೆ ತಿರುಗಿದರು.

"ಮನಿಗೆ ಹೋಗಿ ಇಕಿ ಅರಿವಿ, ದವಾಖಾನಿ ಕಾಗದ ಎಲ್ಲಾ ತಗೊಂಡು ಬಾ."

"ನಿನ್ನ ಅರಿವಿನೂ ತರ್ಲೇನವಾ? ಬಾಣಂತನಕ್ಕ ಇರ್ತೀಯಲ್ಲ?" ಎಂದ ಸುನೀಲ.

"ನಾ ಯಾಕ?" ಎಂದರು ಅತ್ತೆ. "ಕೂಸಿಗೆ ಎರಿಯೋರು ಅದಾರಲ್ಲ."