ಖಾಲಿ ಯಂತ್ರದ ಪಾಠ

ಉಬ್ಬಸದ ರೋಗಿಗಳನ್ನು ನೋಡಿ ನೋಡಿ ಮಧ್ಯಾಹ್ನದ ಹೊತ್ತಿಗೆ ಸಿಸ್ಟರಿಗೆ ಸಾಕುಬೇಕಾಗಿತ್ತು. ಸಾಲದ್ದಕ್ಕೆ ಡಾಕ್ಟರಮ್ಮ ಹೊಸ ನಿಯಮ ಬೇರೆ ತಂದಿದ್ದರು. ಯಾವ ಔಷಧಕ್ಕೂ ಬಗ್ಗದ ರೋಗಿಗಳು ಮನೆಯಲ್ಲಿ ದಿನಾ ತೆಗೆದುಕೊಳ್ಳುವ ಔಷಧವನ್ನೇ ತಂದು, ಸಿಸ್ಟರ್ ಕಣ್ಣೆದುರೇ ತೆಗೆದುಕೊಳ್ಳಬೇಕಂತೆ. ಇಷ್ಟು ವರ್ಷ ಎಲ್ಲರಿಗೂ ಇನ್ಹೇಲರ್ ಎಳೆಯುವುದನ್ನು ಕಲಿಸಿದವಳಿಗೆ ಇದೊಂದು ಬಾಕಿ ಇತ್ತು.

ಲೆಕ್ಕದ ಮೇಷ್ಟ್ರು ಹೆಂಡತಿಯ ಜೊತೆ ಬಂದು ಕೂತರು. ಎರಡು ವರ್ಷದ ಹಿಂದೆ ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಮಾಡುತ್ತಿದ್ದ ಮನುಷ್ಯನಿಗೆ ಈಗ ಒಂದು ವಾಕ್ಯಕ್ಕೆ ಎರಡು ಸಲ ಉಸಿರು ಬೇಕು. ಸ್ಟೀರಾಯ್ಡ್ ಮಾತ್ರೆ ನುಂಗಿ ನುಂಗಿ ಮುಖ ಊದಿತ್ತು. ಪಾಠ ಮಾಡಲು ಅನರ್ಹ ಎಂಬ ಸರ್ಟಿಫಿಕೇಟು ಮೇಜಿನ ಮೇಲೆ ಸಿದ್ಧವಿತ್ತು. ಡಾಕ್ಟರಮ್ಮನ ಸಹಿ ಬಿದ್ದರೆ ಕೆಲಸ ಹೋದಂತೆಯೇ.

"ಇವರದ್ದೇನು ನೋಡ್ತೀರಿ ಸಿಸ್ಟರ್, ಊಟ ಬಿಟ್ಟರೂ ಔಷಧಿ ಬಿಟ್ಟಿಲ್ಲ," ಎಂದರು ಹೆಂಡತಿ.

"ಗೊತ್ತಮ್ಮ. ಏನ್ ಮಾಡೋದು, ನಿಯಮ. ತಗೊಳ್ಳಿ ಸರ್."

ಮೇಷ್ಟ್ರು ಪಟ್ಟಿಯಿಂದ ಒಂದು ಕ್ಯಾಪ್ಸೂಲ್ ಬಿಡಿಸಿ, ಬಾಯಿಗೆ ಹಾಕಿಕೊಂಡು, ನೀರು ಕುಡಿದರು. ಆಮೇಲೆ ಖಾಲಿ ಇನ್ಹೇಲರನ್ನು ತುಟಿಗಿಟ್ಟು ಜೋರಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿದರು.

ಸಿಸ್ಟರ್ ಇನ್ಹೇಲರ್ ಈಸಿಕೊಂಡು ಬಿಚ್ಚಿ ನೋಡಿದಳು. "ಕ್ಯಾಪ್ಸೂಲ್ ಇದರೊಳಗೆ ಹಾಕಿ ಪುಡಿ ಎಳೀಬೇಕಲ್ವಾ ಸರ್?"

"ನೀವು ಹಾಕಿರಲಿಲ್ವಲ್ಲ."

ನಿಜವೇ. ಕ್ಯಾಪ್ಸೂಲ್ ದಂಡವಾಗಬಾರದೆಂದು ಅವಳು ಯಾವತ್ತೂ ಖಾಲಿ ಯಂತ್ರದಲ್ಲೇ ಕಲಿಸುತ್ತಿದ್ದಳು. ಒಳಗೆ ಹಾಕುವ ವಿಷಯ ಬಾಯಲ್ಲಿ ಹೇಳುತ್ತಿದ್ದಳು, ಜನ ಹೆಚ್ಚಾದ ದಿನ ಅದೂ ಇಲ್ಲ. ಮೇಷ್ಟ್ರು ಬಂದಾಗಲೆಲ್ಲ ಅದೇ ಖಾಲಿ ಯಂತ್ರದಲ್ಲಿ ಪಾಠ ಒಪ್ಪಿಸಿದ್ದರು, ಅವಳು 'ಸರಿ' ಎಂದು ಬರೆದಿದ್ದಳು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದು ಅವಳು, ಉಂಡದ್ದು ಮೇಷ್ಟ್ರು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

ಇನ್ನೊಂದು ಕ್ಯಾಪ್ಸೂಲನ್ನು ಅವಳೇ ಒಳಗೆ ಹಾಕಿ ಕೊಟ್ಟಳು. ಎಳೆದಾಗ ಕ್ಯಾಪ್ಸೂಲ್ ಗರಗರನೆ ತಿರುಗಿತು. ಮೇಷ್ಟ್ರು ಬೆಚ್ಚಿ ಯಂತ್ರವನ್ನೇ ನೋಡಿದರು.

"ಹಾಗಾದ್ರೆ ಈ ಎರಡು ವರ್ಷ?" ಎಂದರು ಹೆಂಡತಿ, ಯಾರನ್ನು ಕೇಳಬೇಕೆಂದು ತಿಳಿಯದೆ.

ಸಿಸ್ಟರ್ ಸರ್ಟಿಫಿಕೇಟು ಹಿಡಿದು ಒಳಗೆ ಹೋದಳು. "ಮೇಡಂ, ಇದಕ್ಕೆ ಸಹಿ ಹಾಕ್ಬೇಡಿ."

"ಯಾಕೆ? ಅವರಿಗೆ ಔಷಧ ನಾಟ್ತಾನೇ ಇಲ್ವಲ್ಲ."

"ಔಷಧ ಎದೆಗೆ ಹೋಗಿದ್ದೇ ಇವತ್ತು. ಕಲಿಸಿದ್ದು ನಾನು, ತಪ್ಪಾಗಿ ಕಲಿಸಿದ್ದೆ."

ಡಾಕ್ಟರಮ್ಮ ಬೈಯಲಿಲ್ಲ. ಬಾಗಿಲಾಚೆಯ ಬೆಂಚಿನಲ್ಲಿ ಏದುಸಿರು ಬಿಡುತ್ತಾ ಕೂತಿದ್ದ ಹನ್ನೊಂದು ಜನರತ್ತ ನೋಡಿದರು.

"ಅವರಿಗೆ ಕಲಿಸಿದ್ದು ಯಾರು?"

"ಅವರಿಗೂ ನಾನೇ," ಎಂದಳು ಸಿಸ್ಟರ್.