ಸಾಲಿನ ಮೊದಲ ಪೇಜು

ಆ ಕಚೇರಿಯಲ್ಲಿ ಎಲ್ಲರಿಗೂ ಅವರು ಭಾವ. ಹಾಗೆ ಕರೆಯುವ ಹಕ್ಕಿದ್ದದ್ದು ಪಕ್ಕದ ಮೇಜಿನವನೊಬ್ಬನಿಗೇ, ಹೆಂಡತಿಯ ತಮ್ಮನಿಗೆ. ಅವನ ಬಾಯಿಂದ ಇಡೀ ಮಹಡಿಗೆ ಅಂಟಿತು. ಅವನು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನ ಕುರ್ಚಿಯ ಮೇಲೆ ಈಗ ಕೇಬಲ್ಲುಗಳ ರಾಶಿ.

ನೆಟ್‌ವರ್ಕ್ ಕಾರ್ಡುಗಳಿಗೆ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಪ್ರೋಗ್ರಾಮು, ಬರೆಯುವುದು ಅವರ ಕೆಲಸ. ಬರುವ ಪ್ರತಿ ಪ್ಯಾಕೆಟ್ಟಿಗೂ, ಅಂದರೆ ಮಾಹಿತಿಯ ತುಣುಕಿಗೂ, ಇಳಿದುಕೊಳ್ಳಲು ಒಂದು ಪೇಜು ಮೆಮೊರಿ ಬೇಕು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಸಿಸ್ಟಮ್ಮಿನ ಮುಂದೆ ಕೈಯೊಡ್ಡಿದರೆ ವೇಗ ಉಳಿಯುವುದಿಲ್ಲ. ಅದಕ್ಕೇ ಬಾಮೈದ ಹಳೆಯ ಪೇಜುಗಳನ್ನೇ ಮತ್ತೆ ಬಳಸುವ ಒಂದು ದಾಸ್ತಾನು ಕಟ್ಟಿದ್ದ. ಡ್ರೈವರ್ ಕೈಬಿಟ್ಟ ಪೇಜು ಸಾಲಿನ ಕೊನೆಗೆ ಸೇರುತ್ತದೆ. ಅದರಲ್ಲಿನ ಮಾಹಿತಿ ಬೇಕಾದ ಪ್ರೋಗ್ರಾಮುಗಳು ಓದಿ ಮುಗಿಸುವಷ್ಟರಲ್ಲಿ ಮುಂದಕ್ಕೆ ಬಂದು ಹೊಸ ಪ್ಯಾಕೆಟ್ಟಿಗೆ ಸಿದ್ಧವಾಗಿರುತ್ತದೆ.

ಆ ಬೆಳಿಗ್ಗೆ ತಂಡದ ಮುಖ್ಯಸ್ಥೆ ಬಂದಳು. ಮಗಳ ವಯಸ್ಸಿನವಳಾದರೂ ಅವಳ ಬಾಯಲ್ಲೂ ಅದೇ.

"ಭಾವ, ಡ್ರೈವರ್ ನಮ್ಮ ಲ್ಯಾಬಲ್ಲಿ ಕುದುರೆ, ಗಿರಾಕಿ ಹತ್ರ ಆಮೆ. ದಾಸ್ತಾನು ಕೆಲಸಕ್ಕೇ ಬರ್ತಿಲ್ಲ."

"ಯಾಕಂತೆ?"

"ಸಾಲಿನ ಮೊದಲ ಪೇಜನ್ನ ಯಾರೋ ನಿಧಾನಕ್ಕೆ ಓದ್ತಾ ಹಿಡ್ಕೊಂಡಿದ್ದಾರೆ. ಹಿಂದೆ ಇನ್ನೂರೈವತ್ತು ಬಿಡುವಾಗಿ ನಿಂತಿವೆ. ಡ್ರೈವರ್ ಅವನ್ನ ತಿರುಗಿಯೂ ನೋಡದೆ ಸಿಸ್ಟಮ್ ಹತ್ರ ಓಡುತ್ತೆ." ಅವಳು ದನಿ ತಗ್ಗಿಸಿದಳು. "ನಿಮ್ಮ ಬಾಮೈದ ಅಷ್ಟು ಬುದ್ಧಿವಂತರು, ಇಲ್ಲಿ ಹೇಗೆ ಎಡವಿದ್ರೋ. ತೆಗೆದುಬಿಡೋಣ. ಈಗ ಸಿಸ್ಟಮ್ಮಲ್ಲೇ ಎಲ್ಲ ಡ್ರೈವರ್‌ಗಳಿಗೂ ಸಿದ್ಧ ದಾಸ್ತಾನಿದೆ. ಯಾಕೆ ತೆಗೆದ್ವಿ ಅನ್ನೋ ಟಿಪ್ಪಣಿನೂ ನೀವೇ ಬರೀರಿ. ಬೇರೆಯವರ ಕೈಲಿ ಬೇಡ ಅನ್ನಿಸ್ತು."

ಭಾವ "ಹೂಂ" ಎಂದರು. ಹಳೆಯ ಕಡತ ತೆರೆದರು.

ಆರು ವರ್ಷದ ಹಿಂದೆ, ಬಾಮೈದನ ಮೊದಲ ಕರಡಿನಲ್ಲಿ ಆ ತಪ್ಪು ಇರಲಿಲ್ಲ. ಮೊದಲನೆಯದು ಬಿಡುವಾಗಿಲ್ಲದಿದ್ದರೆ ಅದು ಹಿಂದಿನವನ್ನೂ ತಡಕಿ ನೋಡುತ್ತಿತ್ತು. ಅದನ್ನು ಹೊಡೆದುಹಾಕಿಸಿದವರು ಭಾವ, ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದುಕೊಂಡು.

"ಸರದಿ ಅಂದ್ರೆ ಸರದಿ ಕಣಯ್ಯ. ಡ್ರೈವರ್ ಚುರುಕಾಗಿರಬೇಕು, ಜೇಬೆಲ್ಲ ತಡಕಾಡೋ ಮುದುಕನ ಹಾಗಲ್ಲ."

"ಮುಂದೆ ನಿಂತವನು ಅಲ್ಲಾಡದೆ ಹೋದ್ರೆ, ಭಾವ?"

"ಅಲ್ಲಾಡ್ತಾನೆ ಬಿಡು."

"ಆಯ್ತಪ್ಪ. ಅಕ್ಕನ್ನ ಕೊಟ್ಟವರು ನಾವು, ತಗ್ಗಲೇಬೇಕು," ಎಂದು ನಕ್ಕು ಅಳಿಸಿದ್ದ.

ಆ ಮಾತು ಎಲ್ಲೂ ದಾಖಲಾಗಿರಲಿಲ್ಲ. ಕಡತದ ತಲೆಯಲ್ಲಿದ್ದದ್ದು ಅವನೊಬ್ಬನ ಹೆಸರು. ಭಾವನ ನಿವೃತ್ತಿಗೆ ಐದು ತಿಂಗಳಿತ್ತು, ಅವರು ನೋಡಿದ ಕೋಡಿನಲ್ಲಿ ತಪ್ಪು ಉಳಿಯದೆಂಬ ಮಾತಿತ್ತು. ಸುಮ್ಮನಿದ್ದರೆ ಸತ್ತವನು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ.

ಕೋಡಿನ ನಾನೂರು ಸಾಲು ತೆಗೆಯಲು ಮಧ್ಯಾಹ್ನದ ತನಕ ಹಿಡಿಯಿತು. ಹೊಸ ದಾಸ್ತಾನು ಜೋಡಿಸಿ, ಬೇಕೆಂದೇ ಒಬ್ಬ ನಿಧಾನದ ಓದುಗನನ್ನಿಟ್ಟು ಅಳೆದರು. ವೇಗ ಕುಗ್ಗಲಿಲ್ಲ. ಸಂತೋಷವೇನೂ ಆಗಲಿಲ್ಲ. ಸೊಂಟ ನೋಯುತ್ತಿತ್ತು. ಕಣ್ಣು ಮುಚ್ಚಿ, "ದೇವರೇ, ಇದ್ದದ್ದನ್ನೇ ಬರೆಸು," ಎಂದು ಬೇಡಿಕೊಂಡು ಬರೆದರು:

"ಈ ತಪ್ಪು ಬರೆದವನದಲ್ಲ. ಅವನ ಮೊದಲ ಕರಡು ಹಿಂದಿನ ಪೇಜುಗಳನ್ನೂ ನೋಡುತ್ತಿತ್ತು. ಪರಿಶೀಲಿಸಿದ ನಾನು ಅದನ್ನು ತೆಗೆಸಿದೆ. ಅವನು ಆಗಲೇ ಎಚ್ಚರಿಸಿದ್ದ."

ಮುಖ್ಯಸ್ಥೆ ಎರಡು ಸಲ ಓದಿದಳು. "ಭಾವ, ಇದನ್ನ ಊರೆಲ್ಲ ಓದುತ್ತೆ. ಇಷ್ಟೆಲ್ಲ ಬೇಕಾ?"

"ಇರಲಿ ತಾಯಿ. ಅವನ ತಲೆ ಮೇಲೆ ಹೊರಿಸಿದ್ದು ನಾನೇ, ಇಳಿಸೋನೂ ನಾನೇ."

ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದು, ದಿನವೂ ಕೇಳುವುದನ್ನೇ ಕೇಳಿದಳು: "ಅವನು ಬರೆದದ್ದು ಇನ್ನೂ ಇದೆಯಾ?"

"ಇಲ್ಲ. ಇವತ್ತು ನಾನೇ ತೆಗೆದೆ." ಹೊಸಿಲ ಬಳಿಯೇ ಕೂತು ಎಲ್ಲ ಹೇಳಿದರು, ಕ್ಯಾಂಟೀನಿನ ಮಾತನ್ನೂ ಬಿಡದೆ.

ಅವಳು ಬಾಗಿಲಿಗೆ ಒರಗಿದಳು.

"ಒಂದಿನ ಬಂದು, 'ಅಕ್ಕಾ, ನಿನ್ನ ಗಂಡಂಗೆ ಹಠ ಜಾಸ್ತಿ' ಅಂದಿದ್ದ. ಯಾಕೋ ಅಂದ್ರೆ ನಕ್ಕುಬಿಟ್ಟ. ಹೇಳಲೇ ಇಲ್ಲ."

ಒಳಗೆ ಹೋದವಳು ಒಂದು ಲೋಟ ನೀರು ತಂದು ಅವರ ಕೈಗೆ ಕೊಟ್ಟು, ಪಕ್ಕದಲ್ಲೇ ಕೂತಳು.